ಮಗನನ್ನ ನಡುವೆ ನಿಲ್ಲಿಸಬೇಡ

ನೋಡಮ್ಮ, ಮಗ ಒಂಬತ್ತನೇ ಕ್ಲಾಸಿಗೆ ಬಂದಮೇಲೆ ಎದುರುತ್ತರ ಕೊಡ್ತಾನೆ, ಬಾಗಿಲು ಹಾಕಿಕೊಂಡು ಕೂರ್ತಾನೆ ಅಂದೆಯಲ್ಲ. ಅರ್ಧ ವಯಸ್ಸಿನದು, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡ. ಇನ್ನರ್ಧದ ಬಗ್ಗೆ ಒಂದು ಮಾತು ಹೇಳ್ತೀನಿ, ಬೇಜಾರು ಮಾಡಿಕೊಳ್ಳಬಾರದು.

ನಿಮ್ಮದು ಎರಡು ಭಾಷೆಯ ಮನೆ. ಗಾಂಧಿನಗರದಲ್ಲಿ ಅದೇನು ಹೊಸದಲ್ಲ. ಚಿಕ್ಕಪೇಟೆಯ ಬಟ್ಟೆ ವ್ಯಾಪಾರ, ಸಿನಿಮಾ ಆಫೀಸು, ಮೆಜೆಸ್ಟಿಕ್ಕಿನ ಹೋಟೆಲು ಅಂತ ಮಾರ್ವಾಡಿ, ಗುಜರಾತಿ, ತಮಿಳು, ತುಳು ಎಲ್ಲ ಬಂದು ಸೇರಿದ ಜಾಗ ಇದು. ಮನೆಮಾತು ಬೇರೆಯಾದರೆ ಮಕ್ಕಳು ಎಲ್ಲಿಗೂ ಸಲ್ಲದವರಾಗ್ತಾರೆ ಅನ್ನೋರ ಮಾತಿಗೆ ಕಿವಿಗೊಡಬೇಡ. ಬೇಂದ್ರೆಯವರ ಮನೆಮಾತು ಮರಾಠಿ, ಗವಿಪುರದ ಮಾಸ್ತಿಯವರದು ತಮಿಳು. 1973ರಲ್ಲೂ 1983ರಲ್ಲೂ ಕನ್ನಡಕ್ಕೆ ಜ್ಞಾನಪೀಠ ತಂದವರು ಅವರೇ.

ಕಷ್ಟ ಇರೋದು ಮಗುವನ್ನ ನಡುವೆ ನಿಲ್ಲಿಸೋದರಲ್ಲಿ. ಊಟದ ಹೊತ್ತಲ್ಲಿ ನಿಮ್ಮತ್ತೆ ಮಾರ್ವಾಡಿಯಲ್ಲಿ, ಬೇಳೆಗೆ ಇಷ್ಟೊಂದು ಹುಣಸೆಹಣ್ಣು ಯಾರಾದರೂ ಹಾಕ್ತಾರಾ ಅಂತಾರೆ. ನೀನು ಅಡುಗೆಮನೆಯಿಂದಲೇ ‘ಏನಂತೋ?’ ಅಂತೀಯ. ‘ಚೆನ್ನಾಗಿದೆ ಅಂದ್ರಮ್ಮ’ ಅಂತಾನೆ ಅವನು. ಹದಿನಾಲ್ಕರ ಹುಡುಗ ದಿನಬೆಳಗಾದರೆ ಎರಡು ಕಡೆಯ ಮಾತಿಗೂ ಸಕ್ಕರೆ ಬೆರೆಸಿ ದಾಟಿಸಬೇಕು ಅಂದ್ರೆ ಸುಸ್ತಾಗಲ್ವಾ? ಅದಕ್ಕೇ ಕಿವಿಗೆ ಇಯರ್‌ಫೋನು. ಅದಕ್ಕೇ ಎಲ್ಲರಿಗೂ ಇಂಗ್ಲಿಷಲ್ಲೇ ಉತ್ತರ. ಅದರಲ್ಲಾದರೆ ಯಾರ ಪಕ್ಷವೂ ವಹಿಸಿದ ಹಾಗಾಗೋದಿಲ್ಲ. ನಾವು ಅದನ್ನ ಕೊಬ್ಬು ಅಂತೀವಿ.

ಅತ್ತೆಗೆ ಹೇಳೋದನ್ನ ನೀನೇ ಹೇಳು, ಹರಕುಮುರುಕು ಮಾರ್ವಾಡಿಯಾದರೂ ಸರಿ. ‘ನೀನು ಥೇಟ್ ನಿಮ್ಮಪ್ಪನ ಕಡೆಯವನೇ’ ಅನ್ನೋದು ತಮಾಷೆಗೂ ಬೇಡ. ನೆಂಟರೆದುರು ‘ಎಲ್ಲಿ, ಕನ್ನಡದಲ್ಲಿ ಒಂದು ಪದ್ಯ ಹೇಳು’ ಅಂತ ಪರೀಕ್ಷೆಗೆ ನಿಲ್ಲಿಸೋದಂತೂ ಬೇಡವೇ ಬೇಡ. ಯುಗಾದಿಗೆ ಒಬ್ಬಟ್ಟು ತಿಂದವನು ತೀಜ್‌ಗೆ ಘೇವರ್ ತಿಂದರೆ ಯಾವ ಊರೂ ಮುಳುಗೋದಿಲ್ಲ.

ಒಂದು ಎಚ್ಚರ ಮಾತ್ರ ಇರಲಿ. ಎರಡು ವಾರವಾದರೂ ನಿದ್ದೆ ಸರಿಯಿಲ್ಲ, ಊಟ ಸೇರ್ತಿಲ್ಲ, ಗೆಳೆಯರೂ ಬೇಡ ಅಂದ್ರೆ ಸುಮ್ಮನಿರಬೇಡ. ಬದುಕಿ ಏನು ಪ್ರಯೋಜನ ಅನ್ನೋ ಧಾಟಿ ಬಂದರಂತೂ ಒಂದು ದಿನವೂ ಕಾಯಬೇಡ. ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ ಇದೆ, 14416. 2022ರ ಅಕ್ಟೋಬರಿನಲ್ಲಿ ಶುರುವಾಯಿತು, ನಮ್ಮ ನಿಮ್ಹಾನ್ಸೇ ಅದರ ಮುಖ್ಯ ಕೇಂದ್ರ. ದಿನದ 24 ಗಂಟೆಯೂ ಸಿಗ್ತಾರೆ, ದುಡ್ಡು ಕೊಡಬೇಕಿಲ್ಲ. ಕನ್ನಡವೂ ಉಂಟು, ಹಿಂದಿಯೂ ಉಂಟು, ನಿಮ್ಮೆಜಮಾನರೂ ಮಾತಾಡಬಹುದು. ನಂಬರನ್ನ ಹುಡುಗನ ಫೋನಿನಲ್ಲೂ ಹಾಕಿಕೊಡು.