ಹುಡುಗ ಹೇಗೆ ಅಂತ ಕೇಳಿದರೆ

ಹೊಸೂರಿನ ಕಡೆ ಗಂಡು ಹುಡುಕುವವರು ಮೊದಲು ವಿಚಾರಿಸುವುದು ನೆರೆಮನೆಯಲ್ಲಿ. ಹುಡುಗನಿಗೆ ಸಿಪ್‌ಕಾಟ್ ಕೈಗಾರಿಕಾ ಪ್ರದೇಶದ ಕಾರ್ಖಾನೆಯಲ್ಲಿ ಕೆಲಸ ಎನ್ನೋಣ. "ತುಂಬಾ ಗಂಭೀರ, ತಲೆ ಎತ್ತಿ ನೋಡೋನಲ್ಲ" ಅನ್ನುತ್ತದೆ ಒಂದು ಮನೆ. "ಜಂಬದ ಕೋಳಿ, ಮಾತೇ ಆಡಲ್ಲ" ಅನ್ನುತ್ತದೆ ಎದುರುಮನೆ. ಇಬ್ಬರೂ ಕಂಡದ್ದು ನೈಟ್ ಶಿಫ್ಟ್ ಮುಗಿಸಿ ನಿದ್ದೆಗಣ್ಣಲ್ಲಿ ಬರುವ ಅದೇ ಹುಡುಗನನ್ನು. ಎದುರುಮನೆಯವರಿಗೆ ಚರಂಡಿ ವಿಷಯದಲ್ಲಿ ಅವನ ಅಪ್ಪನ ಮೇಲೆ ಹಳೇ ಸಿಟ್ಟು, ಅಷ್ಟೆ.

ದೊಡ್ಡವರನ್ನೂ ಜನ ಬಿಟ್ಟಿಲ್ಲ. ಹೊಸೂರಿನ ಹತ್ತಿರದ ತೊರಪಳ್ಳಿಯಲ್ಲಿ 1878ರಲ್ಲಿ ಹುಟ್ಟಿದ ಕಾಂಗ್ರೆಸ್ ನಾಯಕ ರಾಜಾಜಿ, 1942ರಲ್ಲಿ ಆ ಪಕ್ಷದಿಂದ ಹೊರಬಂದರು. ಕ್ವಿಟ್ ಇಂಡಿಯಾ ಚಳವಳಿಯನ್ನೂ ಒಪ್ಪಲಿಲ್ಲ. ಮೆಚ್ಚಿದವರಿಗೆ ಅದು ಎದೆಗಾರಿಕೆ, ಮೆಚ್ಚದವರಿಗೆ ಹಠಮಾರಿತನ. ಗಾಂಧೀಜಿಗೆ ಅವರು ತಮ್ಮ ಆತ್ಮಸಾಕ್ಷಿಯ ಕಾವಲುಗಾರ!

ಒಂದೇ ಪದ ಅಭಿಪ್ರಾಯವನ್ನು ಹೇಗೆ ಬದಲಿಸುತ್ತದೆ ಎಂದು ತೋರಿಸುವ ಪ್ರಯೋಗವೊಂದನ್ನು 1946ರಲ್ಲಿ ಮನಶ್ಶಾಸ್ತ್ರಜ್ಞ ಸಾಲೊಮನ್ ಆಶ್ ಪ್ರಕಟಿಸಿದರು. ಒಬ್ಬ ವ್ಯಕ್ತಿಯ ಏಳು ಗುಣಗಳನ್ನು ಎರಡು ಗುಂಪಿಗೆ ಓದಿ ಹೇಳಿದ್ದರು. ಆರು ಗುಣ ಒಂದೇ. ಉಳಿದ ಒಂದು ಮಾತ್ರ ಒಂದು ಗುಂಪಿಗೆ 'ಆತ್ಮೀಯ', ಇನ್ನೊಂದಕ್ಕೆ 'ನಿರ್ಲಿಪ್ತ'. ಅಷ್ಟಕ್ಕೇ ಮೊದಲ ಗುಂಪಿನ ಹೆಚ್ಚಿನವರಿಗೆ ಅವನು ಉದಾರಿಯಾಗಿ ಕಂಡ, ಎರಡನೆಯ ಗುಂಪಿನ ಹೆಚ್ಚಿನವರಿಗೆ ಕಾಣಲಿಲ್ಲ.

ಅದಕ್ಕೇ, ಯಾರಾದರೂ ವಿಚಾರಿಸಲು ಬಂದರೆ ಗುಣ ಹೇಳಬೇಡಿ, ಕಂಡದ್ದು ಹೇಳಿ. "ಮಾತಾಡಿಸಿದ್ದು ಕಡಿಮೆ, ನಮಗೂ ಅವರ ಮನೆಯವರಿಗೂ ಅಷ್ಟಾಗಿ ಆಗಿಬರಲ್ಲ" ಅಂದುಬಿಡಿ. ಮುಜುಗರವಾಗುತ್ತದೆ, ನಿಜ. ಆದರೆ ಕೇಳಿದವರು ತಾವೇ ಜಾಲಿಸಿಕೊಳ್ಳುತ್ತಾರೆ. ವಿಚಾರಿಸಲು ಹೋದವರು ನೀವಾದರೆ, ಓಣಿಯ ಮಾತಿಗೇ ನಿಲ್ಲದೆ ಅವನ ಜೊತೆ ಕೆಲಸ ಮಾಡುವವರನ್ನೂ ಕೇಳಿ.