ಗುಳೆ ಹೋದವರ ಲೆಕ್ಕ

ಔಷಧದ ಪರೀಕ್ಷೆಯಲ್ಲಿ ಎಷ್ಟು ಜನ ಗುಣವಾದರೆಂಬುದಷ್ಟೇ ಅಲ್ಲ, ರೋಗವು ಎಷ್ಟು ಕಾಲ ಮರುಕಳಿಸದೆ ಉಳಿಯಿತೆಂಬುದೂ ಮುಖ್ಯ. ಆದರೆ ರೋಣ, ನರಗುಂದ, ಗಜೇಂದ್ರಗಡದ ಕಡೆಯ ಅನೇಕರು ಮಳೆ ಕೈಕೊಟ್ಟಾಗ ಕಾಯಕ ಅರಸಿ ಗೋವೆ, ಮಂಗಳೂರಿಗೆ ಗುಳೆ ಹೋಗುತ್ತಾರೆ. ಹೀಗೆ ನಡುವೆ ಹೋದವರನ್ನು ನಾವು ಹೇಗೆ ಎಣಿಸಬೇಕು?

ಸಂಧಿವಾತ ಶಮನವಾದ 10 ರೋಗಿಗಳನ್ನು ಊಹಿಸಿಕೊಳ್ಳೋಣ. ಮೂರನೆಯ ತಿಂಗಳಲ್ಲಿ ಇಬ್ಬರಿಗೆ ನೋವು ಮರುಕಳಿಸಿತು. ನೆಮ್ಮದಿಯಾಗಿದ್ದವರು 10ರಲ್ಲಿ 8. ಬಳಿಕ ಮೂವರು ಗುಳೆ ಹೋದರು. ಆರನೆಯ ತಿಂಗಳಲ್ಲಿ ಉಳಿದ ಐವರಲ್ಲಿ ಒಬ್ಬರಿಗೆ ಮರುಕಳಿಸಿತು. ನೆಮ್ಮದಿಯಾಗಿದ್ದವರು 5ರಲ್ಲಿ 4. ಈ ಎರಡು ಪಾಲುಗಳನ್ನು ಗುಣಿಸಿದರೆ ಶೇ. 64. ಹೋದವರನ್ನು ಮೊದಲಿನಿಂದಲೇ ಕೈಬಿಟ್ಟರೆ ಸುಮಾರು ಶೇ. 57, ಅವರೆಲ್ಲ ಸುಖವಾಗಿದ್ದಾರೆಂದು ಭಾವಿಸಿದರೆ ಶೇ. 70. ಇವೆರಡೂ ಸರಿಯಲ್ಲ. ಇದ್ದಷ್ಟು ದಿನ ಎಣಿಸುವುದೇ ನ್ಯಾಯ. ಈ ವಿಧಾನವನ್ನು ಅಮೆರಿಕದ ಕ್ಯಾಪ್ಲಾನ್ ಮತ್ತು ಮೈಯರ್ 1958ರಲ್ಲಿ ಪ್ರಕಟಿಸಿದರು.

ಇದಕ್ಕೊಂದು ನಿಬಂಧನೆಯುಂಟು: ಊರು ಬಿಟ್ಟುದಕ್ಕೂ ರೋಗಕ್ಕೂ ಸಂಬಂಧವಿರಬಾರದು. ನೋವು ತಾಳದೆ ಬೇರೆಡೆ ಹೋಗಿದ್ದರೆ ಲೆಕ್ಕ ಸುಳ್ಳಾಗಿ, ಫಲವಿಲ್ಲದ ಔಷಧವೂ ಒಳ್ಳೆಯದೆನಿಸೀತು. ಆದ್ದರಿಂದ ಸದ್ಭಕ್ತರಲ್ಲಿ ನಮ್ಮ ವಿನಂತಿ: ಇಂಥ ಪರೀಕ್ಷೆಗೆ ಒಪ್ಪಿದ್ದರೆ, ಹೊರಡುವ ಮುನ್ನ ನಿಜವಾದ ಕಾರಣವನ್ನು ವೈದ್ಯರಿಗೆ ತಿಳಿಸಿರಿ. ಅದು ಮುಂದಿನ ರೋಗಿಗಳಿಗೆ ನೀವು ಮಾಡುವ ದಾಸೋಹ.