ಧರ್ಮ, ದಂಡನೆ ಮತ್ತು ಲೇಖಕ: ಹಾಥಾರ್ನ್ ಹಾಗೂ ‘ತಲೆದಂಡ’

ನಥಾನಿಯೆಲ್ ಹಾಥಾರ್ನ್‌ನ (1804–1864) ಕಾದಂಬರಿಗಳನ್ನು ಪ್ಯೂರಿಟನ್ ಧರ್ಮದ ಹಿನ್ನೆಲೆಯಿಂದ ಬೇರ್ಪಡಿಸಿ ಓದಲಾಗದು. ಇಂಗ್ಲೆಂಡಿನಲ್ಲಿ ದಮನಕ್ಕೊಳಗಾಗಿ 17ನೆಯ ಶತಮಾನದಲ್ಲಿ ಮೆಸಾಚುಸೆಟ್ಸ್‌ಗೆ ವಲಸೆ ಹೋದ ಈ ಪಂಥದವರು, ಅಧಿಕಾರ ಕೈಸೇರಿದೊಡನೆ ತಾವೇ ದಂಡಿಸುವವರಾದರು. 1692ರ ಸೇಲಮ್ ಮಾಟಗಾತಿಯರ ವಿಚಾರಣೆಯ ಫಲವಾಗಿ 19 ಮಂದಿಯನ್ನು ಗಲ್ಲಿಗೇರಿಸಲಾಯಿತು. ವಿಚಾರಣೆ ನಡೆಸಿದವರಲ್ಲೊಬ್ಬನಾದ ಜಾನ್ ಹಾಥಾರ್ನ್ ಕಾದಂಬರಿಕಾರನ ಪೂರ್ವಜ. ‘ದಿ ಸ್ಕಾರ್ಲೆಟ್ ಲೆಟರ್’ (1850) ಕೃತಿಯ ಪೀಠಿಕೆಯಲ್ಲಿ ಲೇಖಕನು ಹಿರಿಯರ ಕ್ರೌರ್ಯದ ಲಜ್ಜೆಯನ್ನು ತನ್ನ ಮೇಲೆ ಹೊತ್ತುಕೊಳ್ಳುತ್ತಾನೆ.

ಬಸವಕಲ್ಯಾಣ, ಹುಮನಾಬಾದ್ ಪರಿಸರದ ಓದುಗರಿಗೆ ಈ ಕಾದಂಬರಿ 12ನೆಯ ಶತಮಾನದ ಕಲ್ಯಾಣವನ್ನು ನೆನಪಿಸುವುದು ಸಹಜ. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣಮೂಲದ ಮಧುವರಸನ ಮಗಳಿಗೂ ನಡೆದ ವಿವಾಹ, ಅದಕ್ಕಾಗಿ ತಂದೆಯರಿಬ್ಬರಿಗೆ ಒದಗಿದ ಎಳೆಹೂಟೆ ಶಿಕ್ಷೆ ಇಲ್ಲಿನ ಜನಮನದಲ್ಲಿ ಉಳಿದಿವೆ. ಎರಡೂ ಕಡೆ ದಂಡನೆ ಬಹಿರಂಗವಾದುದು. ಎರಡೂ ಕಡೆ ಅದರ ಮೂಲ ಹೆಣ್ಣುಗಂಡಿನ ಸಂಬಂಧದಲ್ಲಿದೆ. ಆದರೆ ಸಾಮ್ಯ ಇಲ್ಲಿಗೆ ನಿಲ್ಲುತ್ತದೆ. ಹೆಸ್ಟರ್‌ಳನ್ನು ದಂಡಿಸುವುದು ಅವಳದೇ ಧರ್ಮಸಮುದಾಯ. ಹರಳಯ್ಯ–ಮಧುವರಸರನ್ನು ದಂಡಿಸುವುದು ವರ್ಣವ್ಯವಸ್ಥೆಯ ಪರ ನಿಂತ ಪ್ರಭುತ್ವ. ಶರಣಧರ್ಮ ಇಲ್ಲಿ ನ್ಯಾಯಪೀಠದಲ್ಲಿಲ್ಲ, ಆರೋಪಿಯ ಸ್ಥಾನದಲ್ಲಿದೆ.

ಈ ವ್ಯತ್ಯಾಸವನ್ನು ಅರಿತೇ ಗಿರೀಶ ಕಾರ್ನಾಡರ ‘ತಲೆದಂಡ’ (1990) ನಾಟಕವನ್ನು ಪರಿಶೀಲಿಸಬೇಕು. ಹಾಥಾರ್ನ್‌ನಿಗೆ ಧರ್ಮ ರಕ್ತಸಂಬಂಧದ ಹೊರೆ. ಕಾರ್ನಾಡರಿಗೆ ಕಲ್ಯಾಣ ನಾಡಿನ ಸಾಮೂಹಿಕ ಸ್ಮೃತಿ. ಆದರೂ ನಾಟಕ ಹುತಾತ್ಮರ ಸ್ತುತಿಯಲ್ಲಿ ಮುಗಿಯುವುದಿಲ್ಲ. ವಿವಾಹದ ಪರಿಣಾಮವನ್ನು ಊಹಿಸಿದ ಬಸವಣ್ಣನೇ ಅಲ್ಲಿ ಕಳವಳಗೊಳ್ಳುತ್ತಾನೆ. ಶರಣರ ನಡುವಿನಿಂದಲೇ ಬಂದ ಜಗದೇವ ಬಿಜ್ಜಳನನ್ನು ಕೊಲ್ಲುತ್ತಾನೆ. ಅಹಿಂಸೆಯನ್ನು ಸಾರಿದ ಚಳವಳಿ ತನ್ನೊಳಗಿನ ಹಿಂಸೆಗೆ ಉತ್ತರದಾಯಿಯೇ ಎಂಬ ಪ್ರಶ್ನೆಯನ್ನು ನಾಟಕ ಎತ್ತುತ್ತದೆ. ಹಾಥಾರ್ನ್ ಇದೇ ಬಗೆಯ ಆತ್ಮಪರೀಕ್ಷೆಯನ್ನು ಅಧಿಕಾರಸ್ಥರ ಧರ್ಮದೊಳಗಿನಿಂದ ನಡೆಸಿದರೆ, ಕಾರ್ನಾಡರು ದಮನಿತರ ಧರ್ಮದ ನಡುವೆ ನಿಂತು ನಡೆಸುತ್ತಾರೆ. ಎರಡನೆಯದು ಹೆಚ್ಚು ಕಠಿಣವಾದುದು. ನೊಂದವರನ್ನು ಪ್ರಶ್ನಿಸುವಾಗ ನೋಯಿಸಿದವರ ಹೊಣೆ ಹಗುರವಾಗಬಾರದು. ಬಿಜ್ಜಳನ ಹತ್ಯೆಯ ನಂತರ ಸೋವಿದೇವನು ಶರಣರ ಮೇಲೆ ನಡೆಸುವ ದಮನವನ್ನು ಕಾಣಿಸುವ ಮೂಲಕ ನಾಟಕ ಆ ಎಚ್ಚರವನ್ನು ಕಾಯ್ದುಕೊಳ್ಳುತ್ತದೆ.

ಹರಳಯ್ಯನನ್ನು ಪೂಜ್ಯಭಾವದಿಂದ ಸ್ಮರಿಸುವ ನೆಲದಲ್ಲಿ ಈ ನಾಟಕವನ್ನು ಬೋಧಿಸುವವರ ಮುಂದೆ ಎರಡು ಸುಲಭದ ದಾರಿಗಳಿವೆ: ಅದನ್ನು ಶರಣಚರಿತೆಯಾಗಿ ಕೊಂಡಾಡುವುದು, ಇಲ್ಲವೇ ಪ್ಯೂರಿಟನ್ ನಿದರ್ಶನದ ಜೊತೆ ಸೇರಿಸಿ ‘ಧಾರ್ಮಿಕ ಮತಾಂಧತೆ’ ಎಂಬ ಒಂದೇ ಶೀರ್ಷಿಕೆಯಡಿ ಇಡುವುದು. ಮೊದಲನೆಯದರಲ್ಲಿ ನಾಟಕದ ಪ್ರಶ್ನೆ ಕಳೆದುಹೋಗುತ್ತದೆ. ಎರಡನೆಯದರಲ್ಲಿ ಹರಳಯ್ಯನಿಗಾದ ಅನ್ಯಾಯವೇ ಮರೆಯಾಗುತ್ತದೆ. ದಂಡ ಯಾರ ಕೈಯಲ್ಲಿತ್ತು ಎಂಬುದನ್ನು ಮೊದಲು ಕೇಳುವುದೇ ತೌಲನಿಕ ಅಧ್ಯಯನದ ಸರಿಯಾದ ಆರಂಭ.